ಎಂಬಿಬಿಎಸ್ ಓದುವ ಮಗನೇ ಮಾಸ್ಕ್ ತೆಗೆದರೆ ಊರವರು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಾವು ಸಿಂಧನೂರು ತಾಲೂಕಿನ ರೈತರು. ಕೋವಿಡ್ ಬಂದಾಗ ನನ್ನ ದೊಡ್ಡ ಮಗ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದ. ಕಾಲೇಜು ಮುಚ್ಚಿದ್ದಕ್ಕೆ ಊರಿಗೆ ಬಂದ. ವೈರಸ್ ಬಗ್ಗೆ ಯಾರು ಏನು ಕೇಳಿದರೂ ಪಟಪಟ ಅಂತ ಹೇಳುತ್ತಿದ್ದ. ಆದರೆ ನಮ್ಮ ಅಣ್ಣನ ಮಗಳ ಮದುವೆಯಲ್ಲಿ ಮೊದಲು ಮಾಸ್ಕ್ ತೆಗೆದು ಜೇಬಿಗೆ ಹಾಕಿಕೊಂಡವನು ಅವನೇ. ‘ಡಾಕ್ಟ್ರೇ ಹಾಕಿಲ್ಲ, ನಮಗ್ಯಾಕೆ’ ಅಂತ ಉಳಿದವರೂ ತೆಗೆದರು. ಈಗ ಮಗಳು ಬಳ್ಳಾರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ವಾರ್ಡಿಗೆ ಹೋಗೋಕೆ ಶುರು ಮಾಡಿದ್ದಾಳೆ. ಊರಿಗೆ ಬರುವಾಗ ವಾರ್ಡಿನಲ್ಲಿ ಹಾಕಿದ ಏಪ್ರನ್ನು ಉಳಿದ ಬಟ್ಟೆ ಜೊತೆಗೇ ತುರುಕಿಕೊಂಡು ಬರುತ್ತಾಳೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಅರಿವು ಜಾಸ್ತಿ ಅಂತ ಸಮೀಕ್ಷೆಗಳು ಹೇಳುತ್ತವಂತೆ. ಹಾಗಾದರೆ ಗೊತ್ತಿದ್ದವರೇ ಪಾಲಿಸಲ್ಲ ಯಾಕೆ? ಮತ್ತೆ ಅಂಥ ರೋಗ ಬಂದರೆ ಮಗಳನ್ನು ಮನೆಗೆ ಕರೆಸಬೇಕಾ, ಅಲ್ಲೇ ಬಿಡಬೇಕಾ?

ಉತ್ತರ: ನಮಸ್ಕಾರ. ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಪಾಠ ಮಾಡುವ ನನಗೆ ನಿಮ್ಮ ಪ್ರಶ್ನೆ ಬಹಳ ಮುಖ್ಯ ಅನಿಸಿತು. ನಿಮ್ಮ ಮಗನನ್ನು ಬೇಜವಾಬ್ದಾರಿ ಹುಡುಗ ಅಂತ ಅಂದುಕೊಳ್ಳಬೇಡಿ. ಅವನಿಗೆ ಗೊತ್ತಿದ್ದದ್ದು ನಿಜ. ಮಾಸ್ಕ್ ತೆಗೆದದ್ದೂ ನಿಜ. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಆರಾಮಾಗಿ ಒಟ್ಟಿಗೇ ಇರುತ್ತವೆ. ಇದನ್ನು ಒಪ್ಪಿಕೊಂಡರೆ ಮಾತ್ರ ಮುಂದಿನ ದಾರಿ ಕಾಣುತ್ತದೆ.

ಮೊದಲು ಸಮೀಕ್ಷೆಗಳ ವಿಷಯ. ಅರಿವು, ಮನೋಭಾವ, ನಡವಳಿಕೆ ಅಂತ ಮೂರು ಭಾಗ ಮಾಡಿ ಪ್ರಶ್ನೆ ಕೇಳುವ ಸಮೀಕ್ಷೆಗಳು ಕೋವಿಡ್ ಕಾಲದಲ್ಲಿ ಲೋಕದ ತುಂಬ ನಡೆದವು. ವೈದ್ಯಕೀಯ ವಿದ್ಯಾರ್ಥಿಗಳ ಮೇಲಂತೂ ಬಹಳ ನಡೆದವು, ಯಾಕೆಂದರೆ ಅವರು ಕೈಗೆ ಸಿಗುತ್ತಾರೆ. ಸಾಮಾನ್ಯವಾಗಿ ಬಂದ ಉತ್ತರ ಒಂದೇ ಥರ: ಅರಿವು ಚೆನ್ನಾಗಿದೆ, ಮನೋಭಾವ ಒಳ್ಳೆಯದಿದೆ, ನಡವಳಿಕೆ ಅದಕ್ಕಿಂತ ಸ್ವಲ್ಪ ಹಿಂದಿದೆ. ಸುಳ್ಳಲ್ಲ. ಆದರೆ ಅದನ್ನು ಅಳೆದದ್ದು ಹೇಗೆ ಅಂತ ನೋಡಬೇಕು. ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಬರುತ್ತದೆ. ‘ಹೊರಗೆ ಹೋಗುವಾಗ ಮಾಸ್ಕ್ ಹಾಕುತ್ತೀರಾ?’ ಅಂತ ಕೇಳುತ್ತದೆ. ವಿದ್ಯಾರ್ಥಿ ಹಾಸ್ಟೆಲ್ ಮಂಚದ ಮೇಲೆ ಮಲಗಿಕೊಂಡೇ ‘ಯಾವಾಗಲೂ’ ಅಂತ ಒತ್ತುತ್ತಾನೆ. ಅವನು ಬೇಕಂತ ಸುಳ್ಳು ಹೇಳುತ್ತಿಲ್ಲ. ವರ್ಷಗಟ್ಟಲೆ ಸರಿಯುತ್ತರ ಆರಿಸುವ ಪರೀಕ್ಷೆ ಬರೆದ ಹುಡುಗ. ಯಾವುದು ಸರಿಯುತ್ತರ ಅಂತ ಬೆರಳಿಗೇ ಗೊತ್ತು. ಅವನ ನಡವಳಿಕೆ ಯಾರೂ ಕಣ್ಣಾರೆ ನೋಡಿಲ್ಲ, ಅವನು ಹೇಳಿದ್ದನ್ನೇ ನಾವು ನಡವಳಿಕೆ ಅಂತ ಬರೆದುಕೊಳ್ಳುತ್ತೇವೆ. ಅದೂ ಅಲ್ಲದೆ, ಫಾರ್ಮ್ ತುಂಬಲು ಮನಸ್ಸು ಮಾಡುವವರು ಸಾಮಾನ್ಯವಾಗಿ ವಿಷಯದಲ್ಲಿ ಆಸಕ್ತಿ ಇರುವವರೇ.

ಇನ್ನೊಂದು ತೊಂದರೆ ಇದೆ. ಕೋವಿಡ್ ಶುರುವಿನಲ್ಲಿ ‘ಸರಿಯುತ್ತರ’ವೇ ಬದಲಾಗುತ್ತಿತ್ತು. 2020ರ ಮಾರ್ಚಿನಲ್ಲಿ ಆರೋಗ್ಯವಂತರು ಮಾಸ್ಕ್ ಹಾಕಬೇಕಿಲ್ಲ ಅನ್ನುವುದೇ ಅಧಿಕೃತ ಮಾತಾಗಿತ್ತು. ಏಪ್ರಿಲ್ ಮಧ್ಯದಲ್ಲಿ ನಮ್ಮ ದೇಶದಲ್ಲಿ ಸಾರ್ವಜನಿಕ ಜಾಗಗಳಲ್ಲಿ ಮಾಸ್ಕ್ ಕಡ್ಡಾಯವಾಯಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆ ಬದಲಿಸಿದ್ದು ಜೂನ್ 5ಕ್ಕೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ನೆನಪಿದೆಯಲ್ವಾ? ಮಾರ್ಚಿನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅದನ್ನು ಆರೋಗ್ಯ ಸಿಬ್ಬಂದಿ ಮುನ್ನೆಚ್ಚರಿಕೆಗೆ ತೆಗೆದುಕೊಳ್ಳಬಹುದು ಅಂದಿತ್ತು. ಅದು ಕೋವಿಡ್ ರೋಗಿಗಳಿಗೆ ಉಪಯೋಗವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಜೂನಿನಲ್ಲಿ ತನ್ನ ಪ್ರಯೋಗದಿಂದಲೇ ಕೈಬಿಟ್ಟಿತು. ತರಕಾರಿಯನ್ನೆಲ್ಲ ಸೋಪಿನ ನೀರಲ್ಲಿ ತೊಳೆದೆವು. ಆಮೇಲೆ ತಿಳಿಯಿತು, ವೈರಸ್ ಹೆಚ್ಚಾಗಿ ಹರಡುವುದು ಗಾಳಿಯಲ್ಲಿ, ಮುಚ್ಚಿದ ಕೋಣೆಯಲ್ಲಿ ಅಂತ. ಹಾಗಾಗಿ ವಿದ್ಯಾರ್ಥಿಗೆ ‘ಎಷ್ಟು ಗೊತ್ತು’ ಅನ್ನುವುದಕ್ಕಿಂತ, ಗೊತ್ತಿರುವುದು ಬದಲಾದಾಗ ಅವನು ಅದನ್ನು ಎಷ್ಟು ಬೇಗ ಒಪ್ಪುತ್ತಾನೆ, ಬೇರೆಯವರಿಗೆ ಹೇಗೆ ತಿಳಿಸಿ ಹೇಳುತ್ತಾನೆ ಅನ್ನುವುದು ನನಗೆ ದೊಡ್ಡದು. ಅದನ್ನು ಯಾವ ಫಾರ್ಮೂ ಕೇಳುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಗೊತ್ತಿದ್ದೂ ಯಾಕೆ ಮಾಡಲ್ಲ? ಬೈಕ್ ಓಡಿಸುವ ಪ್ರತಿಯೊಬ್ಬರಿಗೂ ಹೆಲ್ಮೆಟ್ ತಲೆ ಉಳಿಸುತ್ತದೆ ಅಂತ ಗೊತ್ತು. ಆದರೂ ಅದು ಕನ್ನಡಿಗೆ ನೇತಾಡುತ್ತಿರುತ್ತದೆ, ಪೊಲೀಸರು ನಿಂತಿರುವ ಸರ್ಕಲ್ ಹತ್ತಿರ ಬಂದಾಗ ತಲೆಗೆ ಏರುತ್ತದೆ. ಅಪಾಯ ಕಣ್ಣಿಗೆ ಕಾಣಲ್ಲ, ಸೆಕೆ ಮಾತ್ರ ಈಗಲೇ ಆಗುತ್ತದೆ. ಮಾಸ್ಕಿನ ಕಥೆಯೂ ಇದೇ.

ನಿಮ್ಮ ಮಗನ ತಲೆಯಲ್ಲಿ ಇನ್ನೊಂದು ಲೆಕ್ಕವೂ ಓಡಿರಬಹುದು. ‘ನನ್ನ ವಯಸ್ಸಿನವರಿಗೆ ಇದು ಹೆಚ್ಚಾಗಿ ಸಣ್ಣ ಜ್ವರದಂತೆ ಬಂದು ಹೋಗುತ್ತದೆ.’ ಅವನ ಮಟ್ಟಿಗೆ ಆ ಲೆಕ್ಕ ಬಹುಮಟ್ಟಿಗೆ ಸರಿ. ಆದರೆ 2021ರ ಎರಡನೇ ಅಲೆ ಯುವಕರನ್ನೂ ಬಿಡಲಿಲ್ಲ. ಅದಕ್ಕಿಂತ ಮುಖ್ಯ, ಮದುವೆ ಮಂಟಪದಲ್ಲಿ ಅವನ ಪಕ್ಕ ಕೂತ ಅಜ್ಜನ ಲೆಕ್ಕ ಬೇರೆ. ಸೋಂಕು ತಗಲಿದ ಮೇಲೆ ಲಕ್ಷಣ ಕಾಣಲು ಆಗ ಸರಾಸರಿ 5-6 ದಿನ, ಕೆಲವೊಮ್ಮೆ 14 ದಿನ ಬೇಕಾಗುತ್ತಿತ್ತು. ಲಕ್ಷಣ ಕಾಣುವ ಒಂದೆರಡು ದಿನ ಮುಂಚಿನಿಂದಲೇ ಅದು ಬೇರೆಯವರಿಗೆ ಹರಡುತ್ತಿತ್ತು. ಇದನ್ನೂ ಅವನು ಪರೀಕ್ಷೆಯಲ್ಲಿ ಬರೆಯಬಲ್ಲ. ಆದರೆ ‘ನನಗೇನೂ ಆಗಿಲ್ಲ’ ಅನ್ನುವ ಅನುಭವ ಆ ಅರಿವನ್ನು ಸುಲಭವಾಗಿ ಮೂಲೆಗೆ ತಳ್ಳಿಬಿಡುತ್ತದೆ.

ಕೈ ತೊಳೆಯುವ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಆಸ್ಪತ್ರೆಯಲ್ಲಿ ಕೈ ಶುಚಿ ಮಾಡಿಕೊಳ್ಳಲೇಬೇಕಾದ ಐದು ಸಮಯಗಳಿವೆ. ರೋಗಿಯನ್ನು ಮುಟ್ಟುವ ಮುಂಚೆ. ಇಂಜೆಕ್ಷನ್, ಡ್ರೆಸಿಂಗ್‌ನಂಥ ಕೆಲಸಕ್ಕೆ ಮುಂಚೆ. ರಕ್ತ, ಕಫ ಇಂಥವು ತಾಕಿದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಅವರ ಮಂಚ, ಫೈಲು ಮುಟ್ಟಿದ ಮೇಲೆ. ವಾರ್ಡಿನಲ್ಲಿ ಯಾರಾದರೂ ಕೂತು ಎಣಿಸಿದಾಗ ಮತ್ತೆ ಮತ್ತೆ ಕಂಡದ್ದು ಏನೆಂದರೆ, ಮುಟ್ಟಿದ ಮೇಲೆ ತೊಳೆಯುವವರು ಜಾಸ್ತಿ, ಮುಟ್ಟುವ ಮುಂಚೆ ತೊಳೆಯುವವರು ಕಡಿಮೆ. ಮುಟ್ಟಿದ ಮೇಲೆ ತೊಳೆಯುವುದು ನನ್ನ ಸಲುವಾಗಿ. ಮುಂಚೆ ತೊಳೆಯುವುದು ರೋಗಿಯ ಸಲುವಾಗಿ. ಭಯ ನಮ್ಮನ್ನು ಕಾಪಾಡಿಕೊಳ್ಳೋಕೆ ಕಲಿಸುತ್ತದೆ. ರೋಗಿಯನ್ನು ಕಾಪಾಡುವುದನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ.

ಅದನ್ನು ಕಲಿಸುವವರು ಯಾರು? ಪುಸ್ತಕಕ್ಕಿಂತ ಮುಂಚೆ ಸೀನಿಯರ್‌ಗಳು. ವಾರ್ಡ್ ಪೋಸ್ಟಿಂಗಿಗೆ ಬಂದ ಹುಡುಗಿ ಮೊದಲು ನೋಡುವುದು ತನ್ನ ಮುಂದಿರುವ ಪಿಜಿಯನ್ನು (ಸ್ನಾತಕೋತ್ತರ ಓದುವ ವೈದ್ಯರನ್ನು), ಹೌಸ್ ಸರ್ಜನ್‌ನನ್ನು (ಎಂಬಿಬಿಎಸ್ ಓದು ಮುಗಿಸಿ ತರಬೇತಿಯಲ್ಲಿರುವ ಇಂಟರ್ನ್‌ನನ್ನು). ಅವರು ಒಂದು ಮಂಚದಿಂದ ಇನ್ನೊಂದಕ್ಕೆ ಕೈಗೆ ಸ್ಯಾನಿಟೈಸರ್ ಹಚ್ಚದೆ ಹೋದರೆ ಅವಳೂ ಹಾಗೇ ಹೋಗುತ್ತಾಳೆ. ರೌಂಡ್ಸಿನಲ್ಲಿ ಪ್ರೊಫೆಸರ್ ಹಿಂದೆ ಓಡುತ್ತಿರುವಾಗ ತಾನೊಬ್ಬಳೇ ನಿಂತು ಕೈ ಉಜ್ಜಿಕೊಳ್ಳೋಕೆ ಸಂಕೋಚ. ಅದೇ ಪ್ರೊಫೆಸರ್ ಪ್ರತಿ ಮಂಚದ ಬಳಿ ಅರ್ಧ ನಿಮಿಷ ನಿಂತು ಕೈ ಉಜ್ಜಿಕೊಂಡರೆ ಹಿಂದಿರುವ ಇಪ್ಪತ್ತು ಜನರೂ ಉಜ್ಜಿಕೊಳ್ಳುತ್ತಾರೆ. ನಿಮ್ಮ ಊರಿನ ಮದುವೆಯಲ್ಲಿ ಎಲ್ಲರೂ ನಿಮ್ಮ ಮಗನನ್ನು ನೋಡಿದ ಹಾಗೆ, ಅವನೂ ಕಾಲೇಜಿನಲ್ಲಿ ಯಾರನ್ನೋ ನೋಡಿ ಕಲಿತಿದ್ದಾನೆ.

ನಮ್ಮ ಕಡೆಯ ಬಿಸಿಲನ್ನೂ ಮರೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆ ಬಿಸಿಲಲ್ಲಿ ಪಿಪಿಇ ಕಿಟ್ (ಮೈಯೆಲ್ಲ ಮುಚ್ಚುವ ರಕ್ಷಣಾ ಉಡುಪು) ಹಾಕಿಕೊಂಡವರು ಗಂಟೆಗಟ್ಟಲೆ ನೀರು ಕುಡಿಯದೆ, ಬಾತ್‌ರೂಮಿಗೆ ಹೋಗದೆ ಕೆಲಸ ಮಾಡಿದರು. ಕನ್ನಡಕದ ಮೇಲೆ ಆವಿ, ಕಿವಿಯ ಹಿಂದೆ ಗಾಯ. ಇಂಥ ಜಾಗದಲ್ಲಿ ‘ನಿಯಮ ಪಾಲಿಸಿ’ ಅಂತ ಸುಮ್ನೆ ಹೇಳಿದರೆ ಸಾಲದು. ಪಾಳಿ ಚಿಕ್ಕದಿರಬೇಕು. ಕಿಟ್ ತೆಗೆಯಲು ಗಾಳಿ ಬರುವ ಬೇರೆ ಕೋಣೆ ಇರಬೇಕು, ಹತ್ತಿರದಲ್ಲೇ ನೀರು ಇರಬೇಕು. ಹಾಸ್ಟೆಲಿನಲ್ಲೂ ಅಷ್ಟೇ. ಮೆಸ್ಸಿನ ನಲ್ಲಿಯಲ್ಲಿ ನೀರು ಬರುತ್ತಿದ್ದು ಪಕ್ಕದಲ್ಲಿ ಸೋಪು ಇದ್ದರೆ ಹುಡುಗರು ಕೈ ತೊಳೆಯುತ್ತಾರೆ. ಸೋಪು ರೂಮಿನಲ್ಲಿದ್ದು ಮೆಸ್ಸು ಕೆಳಗಿದ್ದರೆ ಯಾವ ಉಪನ್ಯಾಸವೂ ಕೆಲಸ ಮಾಡಲ್ಲ.

ಇದಕ್ಕೆ ಹಳೆಯದೊಂದು ಸಾಕ್ಷಿ ಇದೆ. ಅದರಲ್ಲಿಯೂ ವೈದ್ಯಕೀಯ ವಿದ್ಯಾರ್ಥಿಗಳೇ ಮುಖ್ಯ. ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವಿದ್ಯಾರ್ಥಿಗಳ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಸಾಯುವವರು ಬಹಳ ಹೆಚ್ಚು. ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನುವ ವೈದ್ಯರು ಕಾರಣ ಹುಡುಕಿದರು. ವಿದ್ಯಾರ್ಥಿಗಳು ಹೆಣ ಕೊಯ್ಯುವ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರ ಮೇ ಮಧ್ಯದಲ್ಲಿ ಬ್ಲೀಚಿಂಗ್ ಪೌಡರಿನ ನೀರು ಇಡಿಸಿ, ಕೈ ತೊಳೆಯದೆ ಯಾರೂ ಒಳಗೆ ಬರಬಾರದು ಅಂತ ಕಟ್ಟಪ್ಪಣೆ ಮಾಡಿದರು. ಏಪ್ರಿಲಿನಲ್ಲಿ ಆ ವಿಭಾಗದಲ್ಲಿ ನೂರಕ್ಕೆ ಸುಮಾರು 18 ತಾಯಂದಿರು ಸತ್ತಿದ್ದರು. ಜೂನಿನಲ್ಲಿ ಅದು ಸುಮಾರು 2ಕ್ಕೆ ಇಳಿಯಿತು. ಆಗ ಬ್ಯಾಕ್ಟೀರಿಯಾ ರೋಗ ತರುತ್ತದೆ ಅನ್ನುವುದೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ವಿದ್ಯಾರ್ಥಿಗಳ ಅರಿವನ್ನು ಇವತ್ತಿನ ಪ್ರಶ್ನೆಪತ್ರಿಕೆಯಲ್ಲಿ ಅಳೆದರೆ ಎಲ್ಲರೂ ನಪಾಸು. ಆದರೂ ತಾಯಂದಿರು ಬದುಕಿದರು. ಯಾಕೆಂದರೆ ನೀರು ಕೈಗೆ ಸಿಗುವಂತೆ ಇತ್ತು, ಬಿಡದೆ ಕೇಳುವವರು ಒಬ್ಬರಿದ್ದರು.

ಹಾಗಂತ ಅರಿವು ಬೇಡ ಅಂತಲ್ಲ. ಅರಿವು ಕೈಗೆ ಇಳಿಯಬೇಕು. ನಾನು ವಿದ್ಯಾರ್ಥಿಗಳಿಗೆ ಮಾಡಿಸುವ ಒಂದು ಕೆಲಸ ಹೇಳುತ್ತೇನೆ, ನಿಮ್ಮ ಮಗಳಿಗೂ ತೋರಿಸಬಹುದು. ಬಿಳಿ ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಅದನ್ನು ಗ್ಲೌಸ್ ಹಾಕಿದ ಎರಡೂ ಕೈಗೆ ಚೆನ್ನಾಗಿ ಹಚ್ಚಿಸುತ್ತೇನೆ. ಆಮೇಲೆ ‘ಈಗ ಗ್ಲೌಸ್ ತೆಗೀರಿ’ ಅನ್ನುತ್ತೇನೆ. ಹೇಗೆ ತೆಗೆಯಬೇಕು ಅಂತ ಎಲ್ಲರಿಗೂ ಗೊತ್ತು, ಕೇಳಿದರೆ ಹೇಳುತ್ತಾರೆ. ತೆಗೆದ ಮೇಲೆ ನೋಡಿದರೆ ಮಣಿಕಟ್ಟಿನ ಒಳಬದಿಗೆ ನೀಲಿ ಗೆರೆ, ಏಪ್ರನ್ ತೋಳಿನ ಅಂಚಿಗೆ ಚುಕ್ಕೆ, ಬೆರಳ ತುದಿಗೆ ಬಣ್ಣ. ಗ್ಲೌಸನ್ನು ಬೆರಳಿಂದ ಎಳೆದು ಪಟ್ ಅಂತ ಬಿಟ್ಟವರ ಮುಖದ ಮೇಲೂ ಚುಕ್ಕೆ. ‘ಈ ನೀಲಿ ವೈರಸ್ ಆಗಿದ್ದರೆ?’ ಅಂತ ನಾನು ಕೇಳಬೇಕಾಗಿಯೇ ಇರುವುದಿಲ್ಲ. ಆಮೇಲೆ ನಿಧಾನವಾಗಿ ಮತ್ತೆ ಮಾಡಿಸುತ್ತೇನೆ: ಒಂದು ಗ್ಲೌಸಿನ ಹೊರಬದಿಯನ್ನು ಮಣಿಕಟ್ಟಿನ ಹತ್ತಿರ ಚಿವುಟಿ ಹಿಡಿದು ಒಳಮೈ ಹೊರಗಾಗುವಂತೆ ಸುಲಿಯಬೇಕು. ಸುಲಿದದ್ದನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕು. ಬರಿಗೈ ಬೆರಳನ್ನು ಎರಡನೇ ಗ್ಲೌಸಿನ ಒಳಗೆ ತೂರಿಸಿ ಅದನ್ನೂ ಸುಲಿದರೆ ಮೊದಲನೆಯದು ಅದರ ಹೊಟ್ಟೆಯೊಳಗೆ ಸೇರುತ್ತದೆ. ಮತ್ತೆ ಮಾಡಿದಾಗ ಕಲೆ ಕಡಿಮೆಯಾಗುತ್ತದೆ, ಇನ್ನೂ ಮಾಡಿದರೆ ಇನ್ನೂ ಕಡಿಮೆ. ಪಿಪಿಇ ಕಿಟ್ ಹಾಕುವಾಗ ಅಷ್ಟು ಅಪಾಯವಿಲ್ಲ, ಬಿಚ್ಚುವಾಗಲೇ ಅಪಾಯ ಅನ್ನುವ ಸಾಲು ಪುಸ್ತಕದಲ್ಲಿದೆ. ಈ ಕಲೆ ನೋಡಿದ ಮೇಲೆ ಅದು ಮರೆಯುವುದಿಲ್ಲ.

ಸ್ಯಾನಿಟೈಸರ್‌ಗೂ ಇದೇ ಮಾತು. ಅಂಗೈ ತುಂಬ ತೆಗೆದುಕೊಂಡು 20ರಿಂದ 30 ಸೆಕೆಂಡ್ ಉಜ್ಜಬೇಕು. ಸೋಪು ನೀರಾದರೆ ಒರೆಸಿಕೊಳ್ಳುವುದೂ ಸೇರಿ 40ರಿಂದ 60 ಸೆಕೆಂಡ್. ಹೆಬ್ಬೆರಳು, ಬೆರಳ ತುದಿ, ಕೈಯ ಹಿಂಬದಿ, ಹೆಚ್ಚಾಗಿ ತಪ್ಪಿಹೋಗುವ ಜಾಗ ಇವೇ.

ಇದನ್ನು ಅಳೆಯೋಕೂ ಒಳ್ಳೆಯ ದಾರಿ ಇದೆ. ಫಾರ್ಮ್ ತುಂಬಿಸುವ ಬದಲು ವಾರ್ಡಿನಲ್ಲಿ ಎಷ್ಟು ಹ್ಯಾಂಡ್ ರಬ್ (ಕೈಗೆ ಹಚ್ಚುವ ಸ್ಯಾನಿಟೈಸರ್) ಖರ್ಚಾಯಿತು ಅಂತ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ 1000 ರೋಗಿ-ದಿನಗಳಿಗೆ ಕನಿಷ್ಠ 20 ಲೀಟರ್. ಅಂದರೆ 100 ಹಾಸಿಗೆ ತುಂಬಿದ್ದರೆ ಹತ್ತು ದಿನಕ್ಕೆ 20 ಲೀಟರ್ ಮುಗಿಯಬೇಕು. ಬಾಟಲಿ ತುಂಬಿದಂತೆಯೇ ಇದ್ದರೆ ‘ಯಾವಾಗಲೂ’ ಅನ್ನುವ ಉತ್ತರಕ್ಕೆ ಏನು ಬೆಲೆ?

ಈಗ ನಿಮ್ಮ ಊರಿನ ಮಾತು. ನಿಮ್ಮ ಪತ್ರದಲ್ಲಿ ನನಗೆ ಬಹಳ ತಾಕಿದ ಸಾಲು ‘ಡಾಕ್ಟ್ರೇ ಹಾಕಿಲ್ಲ’ ಅನ್ನುವುದು. ಬಳ್ಳಾರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು 1961ರಲ್ಲೇ ಬಂತು. ರಾಯಚೂರಿಗೆ 2007ರಲ್ಲಿ, ಕೊಪ್ಪಳಕ್ಕೆ 2015ರಲ್ಲಿ ಬಂತು. ಹಾಗಾಗಿ ಇವತ್ತು ನಮ್ಮ ಸಣ್ಣ ಊರುಗಳಲ್ಲೂ ಎಂಬಿಬಿಎಸ್ ಓದುವ ಒಂದಾದರೂ ಮಗು ಸಿಗುತ್ತದೆ. ಮೊದಲ ವರ್ಷ ಮುಗಿಯುವ ಮುಂಚೆಯೇ ಊರು ಅವರನ್ನು ಡಾಕ್ಟ್ರೇ ಅಂತ ಕರೆಯುತ್ತದೆ. ಅವರ ಮಾತನ್ನು ಕೇಳುತ್ತದೆ, ಅವರ ನಡವಳಿಕೆಯನ್ನು ಅದಕ್ಕಿಂತ ಹೆಚ್ಚು ನೋಡುತ್ತದೆ. ಇದು ದೊಡ್ಡ ಶಕ್ತಿ. ಲಾಕ್‌ಡೌನಿನಲ್ಲಿ ಗುಳೆ ಹೋದವರು ಬೆಂಗಳೂರಿಂದ ವಾಪಸ್ ಬಂದಾಗ ಎಷ್ಟೋ ಊರುಗಳಲ್ಲಿ ದಾರಿಗೆ ಮುಳ್ಳು ಹಾಕಿದರು. ಭಯ ಸಹಜ. ಆದರೆ ಬಂದವರು ನಮ್ಮವರೇ. ಅಂಥ ಹೊತ್ತಿನಲ್ಲಿ ‘ಶಾಲೆಯಲ್ಲಿ 14 ದಿನ ಇರಲಿ, ಊಟ ಕೊಡೋಣ, ದೂರದಿಂದ ಮಾತಾಡಿಸೋಣ, ಏನೂ ಆಗಲ್ಲ’ ಅಂತ ಊರಿನ ವಿದ್ಯಾರ್ಥಿ ಹೇಳಿದರೆ ಅದಕ್ಕೆ ತೂಕ ಇರುತ್ತದೆ. ಮನೋಭಾವ ಅಂದರೆ ಇದು. ರೋಗ ಬಂದವರನ್ನು ತಪ್ಪು ಮಾಡಿದವರ ಥರ ನೋಡದಿರುವುದು.

ಲಸಿಕೆಯಲ್ಲೂ ಹಾಗೆಯೇ ಆಯಿತು. 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಗೆ ಲಸಿಕೆ ಶುರುವಾದಾಗ ಕೋವ್ಯಾಕ್ಸಿನ್‌ನ ಮೂರನೇ ಹಂತದ ಫಲಿತಾಂಶ ಇನ್ನೂ ಬಂದಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಂಡು ಕೊಡುತ್ತಿದ್ದರು. ಆಗ ಕೆಲವು ವಿದ್ಯಾರ್ಥಿಗಳು ಪ್ರಶ್ನೆ ಕೇಳಿದ್ದು ನ್ಯಾಯವಾಗಿತ್ತು. ಅದನ್ನು ‘ಕೆಟ್ಟ ಮನೋಭಾವ’ ಅಂತ ಪಟ್ಟಿಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಮಾರ್ಚಿನಲ್ಲಿ ಮಧ್ಯಂತರ ಫಲಿತಾಂಶ ಬಂದ ಮೇಲೆ ಅದನ್ನು ಓದಿ ಹಾಕಿಸಿಕೊಂಡು, ಊರಿನ ಅವ್ವಂದಿರು ‘ನೀ ಹಾಕಿಸ್ಕೊಂಡಿ ಏನಪ?’ ಅಂತ ಕೇಳಿದಾಗ ತೋಳು ತೋರಿಸಿದರಲ್ಲ, ಅವರು ಮಾಡಿದ ಕೆಲಸ ನೂರು ಪೋಸ್ಟರಿಗಿಂತ ಹೆಚ್ಚು.

ಮಗಳನ್ನು ಮನೆಗೆ ಕರೆಸಬೇಕಾ ಅಂತ ಕೇಳಿದ್ದೀರಿ. ಅವಳು ಯಾವ ವರ್ಷದಲ್ಲಿದ್ದಾಳೆ ಅನ್ನುವುದರ ಮೇಲೆ ಇದು ನಿಂತಿದೆ. ಮೊದಲ ವರ್ಷಗಳ ವಿದ್ಯಾರ್ಥಿಗಳ ಮೇಲೆ ರೋಗಿಗಳ ಜವಾಬ್ದಾರಿ ಇರುವುದಿಲ್ಲ. ಅವರನ್ನು ಮನೆಗೆ ಕಳಿಸುವುದೇ ಸರಿ, 2020ರಲ್ಲಿ ಮಾಡಿದ್ದೂ ಅದನ್ನೇ. 2021ರ ಮೇ ತಿಂಗಳಲ್ಲಿ ಆಸ್ಪತ್ರೆಗಳು ತುಂಬಿ, ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲೇ ಉಕ್ಕಿನ ಕಾರ್ಖಾನೆಯ ಆಕ್ಸಿಜನ್ ಬಳಸಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕಟ್ಟಬೇಕಾಯಿತು. ಆಗ ಕೇಂದ್ರ ಸರಕಾರ ಕೊನೆಯ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಫೋನಿನಲ್ಲಿ ಸಲಹೆ ಕೊಡಲು, ಸೌಮ್ಯ ಲಕ್ಷಣದವರ ಮೇಲೆ ನಿಗಾ ಇಡಲು ಬಳಸಬಹುದು ಅಂದಿತು. ಇಂಟರ್ನ್‌ಗಳನ್ನೂ ಕೋವಿಡ್ ಕೆಲಸಕ್ಕೆ ಹಾಕಬಹುದು ಅಂದಿತು. ಎರಡಕ್ಕೂ ಅಧ್ಯಾಪಕರ ಮೇಲ್ವಿಚಾರಣೆ ಇರಬೇಕಿತ್ತು. ಅಂಥ ಸಮಯ ಬಂದು ಮಗಳು ‘ನಾನು ಇರ್ತೀನಿ ಅಪ್ಪಾ’ ಅಂದರೆ ತಡೆಯಬೇಡಿ. ಆದರೆ ನಾಲ್ಕು ಮಾತು ಕೇಳಿ: ಕಿಟ್ ಹಾಕಿ ಬಿಚ್ಚೋದನ್ನ ಕೈಯಾರೆ ಮಾಡಿಸಿದ್ದಾರಾ? ಎನ್95 ಮುಖಕ್ಕೆ ಸರಿಯಾಗಿ ಕೂರುತ್ತದಾ ಅಂತ ನೋಡಿದ್ದಾರಾ? ಲಸಿಕೆ ಇದ್ದರೆ ಆಗಿದೆಯಾ? ಮೇಲೆ ನೋಡಿಕೊಳ್ಳುವ ಡಾಕ್ಟರ್ ಯಾರು? ಇವಕ್ಕೆ ಉತ್ತರ ಇಲ್ಲದಿದ್ದರೆ ಪಾಲಕರು ಕಾಲೇಜನ್ನು ಕೇಳುವುದು ತಪ್ಪಲ್ಲ.

ಮನೆಗೆ ಬಂದರೂ ಅದಕ್ಕೊಂದು ಕ್ರಮ ಇದೆ. ನಮ್ಮ ದೇಶದ ಮೊದಲ ಕೋವಿಡ್ ಪ್ರಕರಣ, 2020ರ ಜನವರಿ 30ರಂದು ಕೇರಳದಲ್ಲಿ ಪತ್ತೆಯಾದದ್ದು, ವುಹಾನಿನಿಂದ ಬಂದ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯದು. ಆಕೆ ಊರಿಗೆ ಬಂದ ಮೇಲೆ ಆರೋಗ್ಯ ಇಲಾಖೆಗೆ ತಿಳಿಸಿ ಮನೆಯಲ್ಲೇ ಪ್ರತ್ಯೇಕವಾಗಿದ್ದರು, ಗಂಟಲು ಕೆರೆತ ಶುರುವಾದಾಗ ತಾವೇ ಹೇಳಿದರು. ಅವರಿಂದ ಊರಿಗೆ ರೋಗ ಹರಡಲಿಲ್ಲ. ಅರಿವು ನಡವಳಿಕೆಯಾಗುವುದು ಹೀಗೆ. ನಿಮ್ಮ ಮಗಳು ಅಂಥ ಸಮಯದಲ್ಲಿ ಆಸ್ಪತ್ರೆಯಿಂದ ನೇರ ಬಂದರೆ ಸಲಹೆ ಕೊಟ್ಟಷ್ಟು ದಿನ ಬೇರೆ ಕೋಣೆಯಲ್ಲಿರಲಿ. ಅಜ್ಜ ಅಜ್ಜಿ ಪಕ್ಕ ಮಲಗುವುದು ಬೇಡ. ‘ಬಾರವ್ವ, ಏನೂ ಆಗಲ್ಲ’ ಅಂತ ಮದುವೆಗೆ ಎಳೆದುಕೊಂಡು ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಎಷ್ಟೋ ಮಕ್ಕಳಿಗೆ ಹೋಗುವ ಮನಸ್ಸಿರುವುದಿಲ್ಲ. ದೊಡ್ಡವರ ಮಾತು ಮೀರಲಾರದೆ ಹೋಗುತ್ತಾರೆ, ಎಲ್ಲರೂ ನಗುತ್ತಾರೆ ಅಂತ ಮಾಸ್ಕ್ ತೆಗೆಯುತ್ತಾರೆ. ನಿಮ್ಮ ಮಗನಿಗೂ ಅವತ್ತು ಹಾಗೇ ಆಗಿತ್ತಾ ಅಂತ ಒಮ್ಮೆ ಸಮಾಧಾನವಾಗಿ ಕೇಳಿ ನೋಡಿ.

ಇನ್ನು ಏಪ್ರನ್. ಅದಕ್ಕೆ ರೋಗ ಬರುವ ತನಕ ಕಾಯಬೇಕಿಲ್ಲ. ಏಪ್ರನ್ ಹಾಕಿಕೊಂಡು ಮೆಸ್ಸಿಗೆ, ಕ್ಯಾಂಟೀನಿಗೆ, ಬಸ್ಸಿಗೆ ಹೋಗಬಾರದು. ಎರಡು ಮೂರು ಏಪ್ರನ್ ಹೊಲಿಸಿಕೊಡಿ, ಒಂದೇ ಇದ್ದರೆ ಒಗೆಯೋಕೆ ಪುರುಸೊತ್ತು ಸಿಗಲ್ಲ. ಊರಿಗೆ ತರುವಾಗ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಲಿ. ಬಿಸಿನೀರು, ಸೋಪಿನ ಪುಡಿ ಹಾಕಿ ಬೇರೆಯಾಗಿ ಒಗೆದು ಬಿಸಿಲಿಗೆ ಹಾಕಿದರೆ ಸಾಕು. ಮೊಬೈಲ್ ಮತ್ತು ಸ್ಟೆತೊಸ್ಕೋಪನ್ನು ಶೇಕಡ 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಲಿ. ವಾರ್ಡಿನಲ್ಲಿ ಕೈಗಿಂತ ಹೆಚ್ಚು ಓಡಾಡುವುದು ಮೊಬೈಲೇ.

ಕೊನೆಗೆ ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಪಟೈಟಿಸ್-ಬಿ (ರಕ್ತದಿಂದ ಹರಡುವ ಯಕೃತ್ತಿನ ಸೋಂಕು) ಲಸಿಕೆ. ಇವತ್ತು ವಾರ್ಡಿನಲ್ಲಿ ಅವಳಿಗಿರುವ ನಿಜವಾದ ಅಪಾಯಗಳಲ್ಲಿ ಇದೊಂದು. ಲಸಿಕೆ ಹಾಕಿಸಿಕೊಳ್ಳದವರಿಗೆ ಸೋಂಕಿರುವ ರೋಗಿಯ ಸೂಜಿ ಚುಚ್ಚಿದರೆ, ನೂರರಲ್ಲಿ 30 ಸಲದವರೆಗೂ ಹೆಪಟೈಟಿಸ್-ಬಿ ಅಂಟಬಹುದು. ಎಚ್‌ಐವಿ ಆದರೆ ಸಾವಿರದಲ್ಲಿ ಸುಮಾರು 3 ಸಲ. ಲಸಿಕೆ ಮೂರು ಡೋಸ್: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯದನ್ನು ಮರೆಯುವವರೇ ಜಾಸ್ತಿ. ಅದಾಗಿ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯಾ ಅಂತ ನೋಡಬೇಕು. ಸೂಜಿ ಚುಚ್ಚಿದರೆ ಹಿಂಡಬಾರದು, ಸೋಪು ನೀರಲ್ಲಿ ತೊಳೆದು ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, ಸಾಧ್ಯವಾದರೆ ಎರಡು ತಾಸಿನೊಳಗೆ. 72 ತಾಸು ದಾಟಬಾರದು. ಸೀನಿಯರ್ ಬೈತಾರೆ ಅಂತ ಮುಚ್ಚಿಡುವ ಮಕ್ಕಳಿದ್ದಾರೆ. ಈ ಸಲ ರಜೆಗೆ ಬಂದಾಗ ಮೂರನೇ ಡೋಸ್ ಆಯಿತಾ ಅಂತ ಮಗಳನ್ನು ಕೇಳಿ, ಕಾರ್ಡ್ ತೋರಿಸಲು ಹೇಳಿ.